ಮಗು ರಚ್ಚೆ ಹಿಡಿದಾಗ ಕಾರಣ ಎಲ್ಲಿ ಹುಡುಕೋಣ?



ದಿಕ್ಸೂಚಿ ಭಾಷಣ ಮಾಡಬೇಕು ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಾನು ಮೊದಲು ನಕ್ಕೆ. ಈ ಜಾಗದಲ್ಲಿ ಇದುವರೆಗೆ ನಿಂತವರು ಸಾಹಿತಿಗಳು, ಉದ್ಯಮಿಗಳು, ಪ್ರೊಫೆಸರುಗಳು. ನಾನು ದುಬೈಯ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ 16 ವರ್ಷದಿಂದ ತೂಕ ನೋಡುವ, ಜ್ವರ ಅಳೆಯುವ, ಲಸಿಕೆ ಚುಚ್ಚುವ ನರ್ಸ್. ‘ದಿಕ್ಕು ತೋರಿಸುವಷ್ಟು ನನಗೆ ಗೊತ್ತಿಲ್ಲ ಸರ್’ ಎಂದೆ. ‘ದಿಕ್ಕು ಬೇಡ ಅಕ್ಕ. ನಮ್ಮ ಮನೆಯಲ್ಲಿ ಎರಡೂವರೆ ವರ್ಷದ್ದು ಒಂದಿದೆ, ದಿನಾ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಯಾಕೆ ಅಂತ ಹೇಳಿ, ಸಾಕು’ ಎಂದರು. ಹಾಗಾಗಿ ಇವತ್ತಿನ ವಿಷಯ ಅದೇ.

ಮೊದಲಿಗೆ ಶಬ್ದದ ವಿಚಾರ. ಇಂಗ್ಲಿಷಿನವರು ಟ್ಯಾಂಟ್ರಮ್ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಮ್ಮಲ್ಲಿ ಹಠ ಇದೆ, ಚಂಡಿ ಇದೆ, ರಂಪ ಇದೆ, ಮೊಂಡು ಇದೆ, ರಚ್ಚೆ ಇದೆ. ನನ್ನ ಅಜ್ಜಿ ಇವುಗಳಲ್ಲಿ ಎರಡನ್ನು ಬೇರೆ ಬೇರೆ ಮಾಡಿ ಹೇಳುತ್ತಿದ್ದರು. ಮಗುವಿಗೆ ಏನು ಬೇಕು ಅಂತ ಮಗುವಿಗೇ ಗೊತ್ತಿದ್ದರೆ ಅದು ಹಠ. ಏನು ಬೇಕು ಅಂತ ಅದಕ್ಕೂ ಗೊತ್ತಿಲ್ಲ, ಕೊಟ್ಟದ್ದನ್ನೂ ಎಸೆಯುತ್ತದೆ, ಎತ್ತಿಕೊಂಡರೆ ಒದೆಯುತ್ತದೆ, ಇಳಿಸಿದರೆ ಎತ್ತಿಕೋ ಅನ್ನುತ್ತದೆ, ಅದು ರಚ್ಚೆ. ‘ಹಠಕ್ಕೆ ಉತ್ತರ ಕೊಡಬೇಕು, ರಚ್ಚೆಗೆ ಮಡಿಲು ಕೊಡಬೇಕು’ ಅನ್ನುತ್ತಿದ್ದರು. ಅವರು ಓದಿದ್ದು ನಾಲ್ಕನೇ ಕ್ಲಾಸು. ನಾನು ನರ್ಸಿಂಗ್ ಓದಿ, ಇಷ್ಟು ವರ್ಷ ಮಕ್ಕಳ ನಡುವೆ ಇದ್ದು ಕಲಿತದ್ದು ಇದಕ್ಕಿಂತ ಬಹಳ ದೂರವೇನೂ ಹೋಗಿಲ್ಲ. ಅಜ್ಜಿಯ ಮಾತಿನ ಹಿಂದಿರುವ ಲೆಕ್ಕಾಚಾರ ಏನೆಂದು ಮಾತ್ರ ಗೊತ್ತಾಗಿದೆ.

ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಚ್ಚೆ, ಹಠ ಎರಡೂ ಸಹಜ. ಸಿಟ್ಟು, ಭಯ, ಆಸೆ ಹುಟ್ಟುವ ಮೆದುಳಿನ ಭಾಗಗಳು ಆ ವಯಸ್ಸಿಗೆ ಚುರುಕಾಗಿ ಕೆಲಸ ಮಾಡುತ್ತಿರುತ್ತವೆ. ಅವನ್ನು ತಡೆದು ‘ಸ್ವಲ್ಪ ತಾಳು’ ಎನ್ನಬೇಕಾದ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಸುಮಾರು 25 ವರ್ಷಕ್ಕೆ. ಇಲ್ಲಿ ಟ್ಯಾಕ್ಸಿಯಲ್ಲಿ ಜಗಳ ಕಾಯುವ ನಲವತ್ತರ ಅಣ್ಣಂದಿರನ್ನು ನೋಡಿದರೆ ಕೆಲವರಿಗೆ ಇನ್ನೂ ತಡವಾಗುತ್ತದೆ ಅನ್ನಿಸುತ್ತದೆ, ಅದು ಬೇರೆ ಮಾತು. ಎರಡು ವರ್ಷದ ಮಗು ನಮ್ಮನ್ನು ಸೋಲಿಸಬೇಕೆಂದು ಯೋಜನೆ ಹಾಕಿ ನೆಲಕ್ಕೆ ಬೀಳುವುದಿಲ್ಲ. ಆ ಯೋಜನೆ ಹಾಕುವ ಸಾಮಾನೇ ಅದರ ಹತ್ತಿರ ಇನ್ನೂ ಇಲ್ಲ.

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಯನ ಹಳೆಯದು. ಅಮೆರಿಕದ ಮಿನ್ನೆಸೋಟದಲ್ಲಿ ಫ್ಲಾರೆನ್ಸ್ ಗುಡ್‌ಎನಫ್ ಎಂಬ ಮನಶ್ಶಾಸ್ತ್ರಜ್ಞೆ 1931ರಲ್ಲಿ ಮಕ್ಕಳ ಸಿಟ್ಟಿನ ಬಗ್ಗೆ ಒಂದು ಪುಸ್ತಕ ಬರೆದರು. ಆಕೆ ಮಾಡಿದ್ದು ಇಷ್ಟೇ: ಅಮ್ಮಂದಿರ ಕೈಗೆ ದಿನಚರಿ ಕೊಟ್ಟು, ಮಗು ಯಾವಾಗ ಸಿಟ್ಟಾಯಿತು, ಎಷ್ಟು ಹೊತ್ತು, ಅದಕ್ಕೆ ಮುಂಚೆ ಏನಾಗಿತ್ತು, ನೀವೇನು ಮಾಡಿದಿರಿ, ಎಲ್ಲ ಬರೆಸಿದರು. ಪುಟಗಳನ್ನು ಒಟ್ಟು ಹಾಕಿ ನೋಡಿದರೆ, ಸಿಟ್ಟು ಗಡಿಯಾರ ನೋಡಿಕೊಂಡು ಬರುತ್ತಿತ್ತು. ಊಟಕ್ಕೆ ಸ್ವಲ್ಪ ಮೊದಲು, ಮಲಗುವ ಹೊತ್ತಿಗೆ. ನೆಗಡಿಯೋ ಹೊಟ್ಟೆನೋವೋ ಇದ್ದ ದಿನ ಇನ್ನೂ ಹೆಚ್ಚು.

ಇದನ್ನು ಓದಿದಾಗ ನನಗೆ ಊರಿನ ಮುಸ್ಸಂಜೆ ನೆನಪಾಯಿತು. ದೀಪ ಹಚ್ಚುವ ಹೊತ್ತಿಗೆ ಮಗು ಕಾರಣವಿಲ್ಲದೆ ಅಳಲು ಶುರು ಮಾಡಿದರೆ ನಮ್ಮ ಮನೆಯಲ್ಲಿ ‘ಯಾರದೋ ದೃಷ್ಟಿ ತಾಗಿದೆ’ ಎನ್ನುತ್ತಿದ್ದರು. ಉಪ್ಪು, ಒಣಮೆಣಸು ಮುಷ್ಟಿಯಲ್ಲಿ ಹಿಡಿದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೂರು ಸಲ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಮಗು ಸುಮ್ಮನಾಗುತ್ತಿತ್ತು. ನಾನು ದೃಷ್ಟಿಯನ್ನು ನಂಬುವವಳಲ್ಲ. ಆದರೆ ಏನು ನಡೆಯುತ್ತಿತ್ತು ನೋಡಿ. ಸಂಜೆ ಆರೂವರೆ: ಹಸಿವು, ನಿದ್ದೆ ಎರಡೂ ಸೇರುವ ಹೊತ್ತು. ಗದ್ದಲದ ಜಗಲಿಯಿಂದ ಮಗುವನ್ನು ಮಬ್ಬುಗತ್ತಲೆಯ ಅಡುಗೆಮನೆಗೆ ತಂದರು. ಯಾರೂ ಬೈಯಲಿಲ್ಲ, ‘ಯಾಕೆ ಅಳ್ತೀ’ ಎಂದು ಕೇಳಲಿಲ್ಲ. ಒಬ್ಬರು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಇನ್ನೊಬ್ಬರು ಮೆಲ್ಲಗೆ ಕೈ ಸುತ್ತಿಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಮಗುವಿನದು ಎಂದು ಯಾರೂ ಹೇಳಲಿಲ್ಲ. ದೃಷ್ಟಿ ಹಾಕಿದ ಪಕ್ಕದ ಮನೆಯವರದು ಎಂದರು. ಪಕ್ಕದ ಮನೆಯವರಿಗೆ ಅನ್ಯಾಯವಾಯಿತು, ಒಪ್ಪುತ್ತೇನೆ. ಮಗುವಿಗೆ ಮಾತ್ರ ಬೇಕಾದದ್ದೆಲ್ಲ ಸಿಕ್ಕಿತು.

ಈಗ ಇಲ್ಲಿಯ ನಮ್ಮ ಮಕ್ಕಳ ದಿನವನ್ನು ನೋಡೋಣ. ಅಪ್ಪ ಕೆಲಸ ಬಿಟ್ಟು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮನೆಗೆ ಬರುವಾಗ ಎಂಟೂವರೆ. ಅಪ್ಪನ ಮುಖ ನೋಡಲಿ ಎಂದು ಮಗುವನ್ನು ಮಲಗಿಸಿರುವುದಿಲ್ಲ. ವಾರದ ಸಾಮಾನು ತರಲು ಹೈಪರ್ ಮಾರ್ಕೆಟ್ಟಿಗೆ ಹೊರಡುವುದು ಒಂಬತ್ತಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕದಲ್ಲಿ ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರು-ನಾಲ್ಕು ವರ್ಷದ್ದಕ್ಕೆ 10ರಿಂದ 13 ಗಂಟೆ. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರೂವರೆಗೆ ನರ್ಸರಿ ಬಸ್ಸಿಗೆ ಏಳುವ ಮಗುವಿನ ಲೆಕ್ಕವನ್ನು ನೀವೇ ಹಾಕಿ. ರಾತ್ರಿ ಹತ್ತು ಗಂಟೆಗೆ ಬಿಲ್ ಕೌಂಟರಿನ ಮುಂದೆ ಚಾಕೊಲೇಟಿಗಾಗಿ ಉರುಳಾಡುವ ಮಗುವಿನ ರೋಗಕ್ಕೆ ಚಾಕೊಲೇಟು ಕಾರಣವಲ್ಲ. ಅದು ಕೈಗೆ ಸಿಕ್ಕ ನೆಪ.

ಬೇಸಿಗೆ ಬಂದರೆ ಇನ್ನೊಂದು ಸೇರಿಕೊಳ್ಳುತ್ತದೆ. ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಇಲ್ಲಿಯ ಸರ್ಕಾರ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಕಡ್ಡಾಯ ವಿರಾಮ ಕೊಟ್ಟಿದೆ, ಒಳ್ಳೆಯದು. ಅದೇ ಮೂರು ತಿಂಗಳು ನಮ್ಮ ಮಕ್ಕಳಿಗೆ ಓಡಲು ಜಾಗವಿಲ್ಲ. ಒಂದು ರೂಮಿನಲ್ಲಿ ನಾವು, ಪಕ್ಕದ ರೂಮಿನಲ್ಲಿ ಇನ್ನೊಂದು ಕುಟುಂಬ, ಅಡುಗೆಮನೆ ಇಬ್ಬರಿಗೂ ಸೇರಿದ್ದು. ಮಗು ಕಾಲು ಬಡಿದರೆ ಕೆಳಗಿನವರು ಮೇಲೆ ಬರುತ್ತಾರೆ. ಊರಿನಲ್ಲಿ ಅಂಗಳದಲ್ಲಿ ಖರ್ಚಾಗಬೇಕಾದ ಕಸುವು ಇಲ್ಲಿ ಕಂಠಕ್ಕೆ ಬರುತ್ತದೆ.

ರಜೆ ಮುಗಿಸಿ ಊರಿನಿಂದ ಬಂದ ಮೊದಲ ವಾರವನ್ನು ಗಮನಿಸಿದ್ದೀರಾ? ‘ಅಜ್ಜಿ ಮನೆಯಲ್ಲಿ ಮುದ್ದು ಮಾಡಿ ಹಾಳು ಮಾಡಿದ್ದಾರೆ, ಬಂದಾಗಿನಿಂದ ಸಂಜೆ ಆದರೆ ಗಲಾಟೆ’ ಎಂದು ಪ್ರತಿ ಸೆಪ್ಟೆಂಬರಿನಲ್ಲಿ ಕೇಳುತ್ತೇನೆ. ಪಾಪ, ಅಜ್ಜಿಯ ತಪ್ಪಿಲ್ಲ. ಊರಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಇಲ್ಲಿ ಏಳು ಗಂಟೆ ಆದಾಗ ಮಗುವಿನ ಮೈಯಲ್ಲಿ ಎಂಟೂವರೆ. ನೀವು ಅಪ್ಪನಿಗಾಗಿ ಕಾಯುತ್ತಿದ್ದೀರಿ, ಅದರ ಮೈ ಚಾಪೆಗಾಗಿ ಕಾಯುತ್ತಿದೆ. ನಾಲ್ಕೈದು ದಿನ ಬೇಗ ಊಟ ಹಾಕಿ ಬೇಗ ಮಲಗಿಸಿದರೆ ಅರ್ಧ ಜಗಳ ಮುಗಿಯುತ್ತದೆ.

ನನ್ನ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಇದನ್ನು ಹೇಳದೆ ಇಲ್ಲಿ ನಿಂತು ಬೇರೆಯವರಿಗೆ ಹೇಳುವ ಹಕ್ಕು ನನಗಿಲ್ಲ.

ನನ್ನ ಮಗನಿಗೆ ಎರಡೂವರೆ ವರ್ಷವಾದಾಗ ಮನೆಯಲ್ಲಿ ದಿನಕ್ಕೆ ಐದಾರು ಸಲ ರಂಪ. ಕರೆದರೆ ಬರುವುದಿಲ್ಲ, ಬೇಡ ಎಂದರೆ ಕೇಳುವುದಿಲ್ಲ. ಜನ ಇದ್ದ ಕಡೆ ಇನ್ನೂ ಜೋರು. ಒಂದು ರಾತ್ರಿ ಹೈಪರ್ ಮಾರ್ಕೆಟ್ಟಿನಲ್ಲಿ ಟ್ರಾಲಿಯಿಂದ ಇಳಿದು ಓಡಿದ. ‘ನಿಲ್ಲು, ನಿಲ್ಲು’ ಎಂದು ಕೂಗಿದೆ. ತಿರುಗಿಯೂ ನೋಡಲಿಲ್ಲ. ಹಿಡಿದು ಎಳೆದಾಗ ನೆಲಕ್ಕೆ ಬಿದ್ದು ಚೀರಿದ. ಸುತ್ತ ಹತ್ತು ದೇಶದ ಜನ ನಿಂತು ನೋಡುತ್ತಿದ್ದರು. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಂದಿದ್ದ ನಾನು ಅವನ ಬೆನ್ನಿಗೆ ಎರಡು ಬಾರಿಸಿದೆ. ಬೆರಳಚ್ಚು ಬಿದ್ದಿತ್ತು. ರಾತ್ರಿ ಅಂಗಿ ಬದಲಿಸುವಾಗ ಕಂಡಿತು.

ಎರಡು ತಿಂಗಳಾದ ಮೇಲೆ ಬೇರೆ ಯಾವುದೋ ಕಾರಣಕ್ಕೆ ಅವನ ಕಿವಿ ಪರೀಕ್ಷೆಯಾಯಿತು. ನೆಗಡಿ ಆಗಿ ಆಗಿ ಎರಡೂ ಕಿವಿಯ ತಮಟೆಯ ಹಿಂದೆ ಅಂಟು ನೀರು ತುಂಬಿಕೊಂಡಿತ್ತು. ಮಾತು ಅವನಿಗೆ ಗೋಡೆಯಾಚೆಯಿಂದ ಬಂದ ಹಾಗೆ ಕೇಳುತ್ತಿತ್ತು. ಗದ್ದಲದ ಅಂಗಡಿಯಲ್ಲಿ ನನ್ನ ‘ನಿಲ್ಲು’ ಅವನಿಗೆ ಕೇಳಿಯೇ ಇರಲಿಲ್ಲ. ಅವನ ಲೆಕ್ಕದಲ್ಲಿ, ಚೆನ್ನಾಗಿ ಆಡುತ್ತಿದ್ದಾಗ ಅಮ್ಮ ಹಿಂದಿನಿಂದ ಬಂದು ಎಳೆದು ಹೊಡೆದಳು. ದಿನಕ್ಕೆ ಮೂವತ್ತು ಮಕ್ಕಳನ್ನು ನೋಡುವ ನರ್ಸ್ ನಾನು. ಅವರಲ್ಲಿ ಯಾವ ಮಗು ಹೆಸರು ಕರೆದಾಗ ತಿರುಗದಿದ್ದರೂ ಡಾಕ್ಟರಿಗೆ ಹೇಳುತ್ತಿದ್ದೆ. ನನ್ನ ಮಗ ತಿರುಗದಿದ್ದಾಗ ಅದಕ್ಕೆ ಮೊಂಡು ಎಂದು ಹೆಸರಿಟ್ಟೆ.

ಅಂದಿನಿಂದ ಅಮ್ಮಂದಿರು ‘ಬಹಳ ಹಠ ಸಿಸ್ಟರ್’ ಎಂದಾಗ ನಾನು ಮೊದಲು ಮೈಯನ್ನು ವಿಚಾರಿಸುತ್ತೇನೆ. ಕಿವಿ ಕೇಳಿಸುತ್ತದೆಯೇ? ಕಕ್ಕಸು ಸಲೀಸಾಗಿ ಆಗುತ್ತದೆಯೇ? ಮೂರು ದಿನಕ್ಕೊಮ್ಮೆ ಕಷ್ಟಪಟ್ಟು ಹೋಗುವ ಮಗು ಉಳಿದ ಎರಡು ದಿನ ಎಲ್ಲರ ಮೇಲೂ ಸಿಟ್ಟಾಗಿರುತ್ತದೆ. ರಾತ್ರಿ ಗೊರಕೆ ಇದೆಯೇ, ಬಾಯಿ ತೆರೆದು ಮಲಗುತ್ತದೆಯೇ? ಹಾಲು ಎಷ್ಟು ಕುಡಿಯುತ್ತದೆ? ಈ ಕೊನೆಯ ಪ್ರಶ್ನೆಗೆ ಅಮ್ಮಂದಿರು ಹೆಮ್ಮೆಯಿಂದ ‘ದಿನಕ್ಕೆ ಒಂದು ಲೀಟರ್’ ಎನ್ನುತ್ತಾರೆ. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬ ಹಾಲೇ ಕುಡಿದ ಮಗುವಿಗೆ ರಾಗಿಗೂ ಬೇಳೆಗೂ ಮೊಟ್ಟೆಗೂ ಜಾಗ ಇರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇತ್ತು. ಗಲ್ಫಿಗೆ ಬಂದ ಮಾತ್ರಕ್ಕೆ ನಮ್ಮ ಮಕ್ಕಳ ರಕ್ತ ಬದಲಾಗುವುದಿಲ್ಲ. ರಕ್ತ ಕಡಿಮೆಯಿರುವ ಮಗು ಕಿರಿಕಿರಿಯ ಮಗು.

ಕೆಲವು ಮಕ್ಕಳು ಅಳುತ್ತಾ ಅಳುತ್ತಾ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಕ್ಷಣ ಹೊತ್ತು ಪ್ರಜ್ಞೆ ತಪ್ಪುತ್ತಾರೆ. ನೋಡಿದವರ ಜೀವ ಬಾಯಿಗೆ ಬರುತ್ತದೆ. ಆ ಮೇಲೆ ಮನೆಯಲ್ಲಿ ಯಾರೂ ಆ ಮಗುವಿಗೆ ‘ಬೇಡ’ ಎನ್ನುವುದಿಲ್ಲ. ಮಗು ಇದನ್ನು ಬೇಕೆಂದು ಮಾಡುವುದಲ್ಲ. ಬಹುಪಾಲು ತಾನೇ ಸರಿಹೋಗುತ್ತದೆ. ಇಂಥ ಮಕ್ಕಳಲ್ಲಿ ಎಷ್ಟೋ ಜನರಿಗೆ ಕಬ್ಬಿಣದ ಕೊರತೆ ಇರುತ್ತದೆ, ಅದನ್ನು ಸರಿಪಡಿಸಿದರೆ ಕಡಿಮೆಯಾಗುತ್ತದೆ. ಮೊದಲ ಸಲ ಹೀಗಾದಾಗ ಡಾಕ್ಟರಿಗೆ ತೋರಿಸಲೇಬೇಕು.

ಮೈಯಾದ ಮೇಲೆ ಮಾತು. ಎರಡು ವರ್ಷದ ಹೊತ್ತಿಗೆ ಮಗುವಿಗೆ ಸುಮಾರು 50 ಶಬ್ದ ಬರಬೇಕು, ‘ಅಪ್ಪ ಬಾ’, ‘ಹಾಲು ಬೇಡ’ ಎಂದು ಎರಡು ಶಬ್ದ ಜೋಡಿಸಬೇಕು ಎನ್ನುವುದು ರೂಢಿಯ ಲೆಕ್ಕ. ಆದರೆ ಅದರ ತಲೆಯೊಳಗೆ ಇರುವ ಬೇಕು ಬೇಡಗಳು ಐವತ್ತಲ್ಲ, ಐನೂರು. ಬಾಯಿಗೆ ಬಾರದ್ದು ಕೈಕಾಲಿಗೆ ಬರುತ್ತದೆ. ಮಾತು ತಡವಾದ ಮಕ್ಕಳಲ್ಲಿ ರಂಪ ಹೆಚ್ಚು ಎಂಬುದು ಕ್ಲಿನಿಕ್ಕಿನಲ್ಲಿ ನಾವು ದಿನವೂ ಕಾಣುವ ಸಂಗತಿ.

ಇಲ್ಲಿ ನಮ್ಮವರಿಗೆ ಒಂದು ಸಲಹೆ ಸಿಗುತ್ತದೆ: ‘ಮನೆಯಲ್ಲಿ ಕನ್ನಡ, ತುಳು ಬಿಡಿ, ಇಂಗ್ಲಿಷ್ ಒಂದೇ ಮಾತಾಡಿ, ಮಗುವಿಗೆ ಗೊಂದಲವಾಗುತ್ತಿದೆ.’ ನರ್ಸರಿಯವರು ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಬಿಳಿ ಕೋಟು ಹಾಕಿದವರೂ ಒಮ್ಮೊಮ್ಮೆ ಹೇಳುತ್ತಾರೆ. ಇದು ತಪ್ಪು. ಎರಡು ಮೂರು ಭಾಷೆ ಕೇಳುವುದರಿಂದ ಮಗುವಿನ ಮಾತು ತಡವಾಗುವುದಿಲ್ಲ. ಶಬ್ದ ಎಣಿಸುವಾಗ ಎಲ್ಲ ಭಾಷೆಯವನ್ನೂ ಸೇರಿಸಿ ಎಣಿಸಬೇಕು. ತೊಂದರೆ ಬರುವುದು ಇನ್ನೊಂದು ಕಡೆಯಿಂದ. ನಮ್ಮ ಕಟ್ಟಡದ ಒಂದು ಹುಡುಗಿ ನೀರಿಗೆ ಬೆಳಿಗ್ಗೆ ತನ್ನನ್ನು ನೋಡಿಕೊಳ್ಳುವ ಮಲಯಾಳಿ ಚೇಚಿಯಿಂದ ‘ವೆಳ್ಳಂ’ ಎಂದು ಕಲಿತಿದ್ದಳು. ಸಂಜೆ ಕನ್ನಡದ ಅಪ್ಪನ ಮುಂದೆ ‘ವೆಳ್ಳಂ, ವೆಳ್ಳಂ’ ಎಂದು ಗೋಗರೆದಳು. ಅಪ್ಪ ಬೆಲ್ಲದ ಡಬ್ಬಿ ತೆಗೆದು ಕೊಟ್ಟರು. ಡಬ್ಬಿ ಗೋಡೆಗೆ ಹೋಗಿ ಬಿತ್ತು. ಭಾಷೆ ಹೆಚ್ಚಾದದ್ದು ಆ ಹುಡುಗಿಗಲ್ಲ, ಕಡಿಮೆಯಾದದ್ದು ಅಪ್ಪನಿಗೆ. ಮಗು ಹಗಲೆಲ್ಲ ಯಾರ ಜೊತೆ ಇರುತ್ತದೋ ಅವರಿಂದ ಹತ್ತಿಪ್ಪತ್ತು ಶಬ್ದ ಕೇಳಿ ಬರೆದಿಟ್ಟುಕೊಳ್ಳಿ, ಅಷ್ಟು ಸಾಕು. ಕನ್ನಡ ಬಿಟ್ಟರೆ ಅಜ್ಜಿಯ ಜೊತೆ ಮಾತೂ ಹೋಗುತ್ತದೆ, ರಂಪವೂ ನಿಲ್ಲುವುದಿಲ್ಲ.

‘ನಾನೇ’ ಎಂಬುದು ಈ ವಯಸ್ಸಿನ ದೊಡ್ಡ ಶಬ್ದ. ಗೋಪುರದಂಥ ಕಟ್ಟಡಗಳಲ್ಲಿ ಇರುವ ನಮಗೆಲ್ಲ ಲಿಫ್ಟಿನ ಗುಂಡಿಯ ಯುದ್ಧ ಗೊತ್ತು. ಮಗು ಒತ್ತಬೇಕಿತ್ತು, ಅವಸರದಲ್ಲಿ ಅಪ್ಪ ಒತ್ತಿದ. ಹದಿನಾಲ್ಕು ಮಹಡಿ ಇಳಿಯುವವರೆಗೂ ಚೀರಾಟ. ನಮಗೆ ಅದು ಗುಂಡಿ. ಅದಕ್ಕೆ ಆ ಇಡೀ ದಿನದಲ್ಲಿ ತಾನಾಗಿ ಮಾಡಲು ಸಿಗಬಹುದಾಗಿದ್ದ ಒಂದೇ ಕೆಲಸ. ಯಾವ ಅಂಗಿ, ಯಾವಾಗ ಊಟ, ಯಾವ ಬಸ್ಸು ಎಲ್ಲವನ್ನೂ ಬೇರೆಯವರು ತೀರ್ಮಾನಿಸಿದ್ದಾರೆ. ಲೇಬರ್ ಕ್ಯಾಂಪಿನಲ್ಲಿ ವರ್ಷಗಟ್ಟಲೆ ಇದ್ದ ಅಣ್ಣಂದಿರಿಗೆ ಇದು ಬೇಗ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಫೋನಿನ ವಿಚಾರ ಎಲ್ಲರೂ ಕೇಳುತ್ತೀರಿ, ಚಿಕ್ಕದಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಎರಡರಿಂದ ನಾಲ್ಕು ವರ್ಷದವರಿಗೆ ಕುಳಿತು ನೋಡುವ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆ. ನಮ್ಮ ಮನೆಗಳ ಕಷ್ಟವೆಂದರೆ, ಅಜ್ಜಿ ಇರುವುದೂ ಅದೇ ಫೋನಿನಲ್ಲಿ, ಕಾರ್ಟೂನ್ ಇರುವುದೂ ಅದೇ ಫೋನಿನಲ್ಲಿ. ಅಜ್ಜಿಯ ಕರೆ ಮುಗಿದ ಕೂಡಲೆ ಕಾರ್ಟೂನ್ ಬೇಕು ಎಂದು ಶುರು. ಅಜ್ಜಿಯ ಮಾತಿಗೆ ಹೊತ್ತು ಗೊತ್ತು ಇಟ್ಟು, ಬೇರೆ ಜಾಗದಲ್ಲಿ ಕೂತು, ಮುಗಿದ ಮೇಲೆ ಒಟ್ಟಿಗೆ ಟಾಟಾ ಮಾಡಿ ಫೋನನ್ನು ಕಪಾಟಿಗೆ ಸೇರಿಸುವ ಮನೆಗಳಲ್ಲಿ ಈ ಜಗಳ ಕಡಿಮೆ ಇರುವುದನ್ನು ಕಂಡಿದ್ದೇನೆ. ಒಮ್ಮೆಲೇ ಕೈಯಿಂದ ಕಿತ್ತುಕೊಂಡರೆ ದೊಡ್ಡವರಿಗೂ ಸಿಟ್ಟು ಬರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಅಜ್ಜಿಯ ಭಾಷೆಯಲ್ಲಿ ರಚ್ಚೆ. ಹಠಕ್ಕೆ ಬೇರೆ ಮೂಲವಿದೆ, ಮತ್ತು ಅದನ್ನು ಹೇಳುವಾಗ ನನಗೂ ಸ್ವಲ್ಪ ಮುಜುಗರ. ಅದನ್ನು ಕಲಿಸುವವರು ನಾವು.

1959ರಲ್ಲಿ ಸಿ.ಡಿ. ವಿಲಿಯಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಪುಟ್ಟ ವರದಿ ಪ್ರಕಟಿಸಿದರು. 21 ತಿಂಗಳ ಒಂದು ಗಂಡುಮಗು. ಹುಟ್ಟಿದ ಮೊದಲ ಒಂದೂವರೆ ವರ್ಷ ಜೋರು ಕಾಯಿಲೆ, ಎಲ್ಲರೂ ಹಗಲಿರುಳು ನೋಡಿಕೊಂಡಿದ್ದರು. ಕಾಯಿಲೆ ವಾಸಿಯಾಯಿತು. ಆದರೆ ರಾತ್ರಿ ಮಗು ಪೂರ್ತಿ ನಿದ್ದೆ ಹೋಗುವ ತನಕ ಯಾರಾದರೂ ಪಕ್ಕದಲ್ಲೇ ಇರಬೇಕು, ಎದ್ದರೆ ಚೀರಾಟ. ಡಾಕ್ಟರು ಆರೋಗ್ಯ ಸರಿಯಿದೆ ಎಂದ ಮೇಲೆ ಅಪ್ಪ-ಅಮ್ಮ ಗಟ್ಟಿ ಮನಸ್ಸು ಮಾಡಿ, ಮಲಗಿಸಿ ಬಾಗಿಲು ಹಾಕಿ ಬಂದರು. ಮೊದಲ ದಿನ ಮಗು 45 ನಿಮಿಷ ಅತ್ತಿತು. ಹತ್ತನೇ ಸಲಕ್ಕೆ ಅಳಲೇ ಇಲ್ಲ, ನಕ್ಕಿತು. ಒಂದು ವಾರವಾದ ಮೇಲೆ ಮಲಗಿಸಲು ಅದರ ಅತ್ತೆಯೋ ಚಿಕ್ಕಮ್ಮನೋ ಹೋದರು. ಮಗು ಸ್ವಲ್ಪ ಅತ್ತಿತು. ಪಾಪ ಎಂದು ಅವರು ಮರಳಿ ಹೋಗಿ ಕುಳಿತರು. ಅಷ್ಟೇ, ಮಾರನೆಯ ದಿನದಿಂದ ಎಲ್ಲ ಮೊದಲಿನಿಂದ.

ಮಗುವನ್ನು ಬಾಗಿಲು ಹಾಕಿ ಅಳಲು ಬಿಡಿ ಎಂದು ನಾನು ಹೇಳುತ್ತಿಲ್ಲ. ನಾನು ಬಿಟ್ಟವಳೂ ಅಲ್ಲ. ಕಥೆಯಲ್ಲಿ ನನಗೆ ಮುಖ್ಯ ಕಂಡದ್ದು ಆ ಅತ್ತೆ. ಯಾವಾಗಲೂ ಕೊಟ್ಟರೆ ಮಗು ಹಾಳಾಗುತ್ತದೆ ಎಂದು ನಾವು ಹೆದರುತ್ತೇವೆ. ಹಠ ಗಟ್ಟಿಯಾಗುವುದು ಒಂಬತ್ತು ಸಲ ಇಲ್ಲ ಎಂದು ಹತ್ತನೇ ಸಲ ಕೊಟ್ಟಾಗ. ಯಾವ ಸಲ ಸಿಗುತ್ತದೆ ಎಂದು ಗೊತ್ತಿಲ್ಲದ ಬಹುಮಾನದ ಆಸೆ ಬೇಗ ಸಾಯುವುದಿಲ್ಲ ಎಂದು ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳಲ್ಲಿ ತೋರಿಸಿದ್ದರು. ತಿಂಗಳು ತಿಂಗಳು ಬಿಗ್ ಟಿಕೆಟ್ ತೆಗೆಯುವ ಅಣ್ಣಂದಿರಿಗೆ ಇದನ್ನು ವಿವರಿಸಬೇಕಿಲ್ಲ.

ನಾವು ಆ ಹತ್ತನೇ ಸಲ ಕೊಡುವುದು ಯಾಕೆ? ಗೋಡೆಯಾಚೆಯವರು ದೂರು ಹೇಳುತ್ತಾರೆ ಎಂದು. ಅಂಗಡಿಯಲ್ಲಿ ಮಾನ ಹೋಗುತ್ತದೆ ಎಂದು. ಅದಕ್ಕಿಂತ ಹೆಚ್ಚಾಗಿ, ಹಗಲೆಲ್ಲ ಮಗುವನ್ನು ಬಿಟ್ಟು ಹೋಗಿದ್ದೇವೆ ಎಂಬ ಅಳುಕಿಗೆ. ನನ್ನ ಕೈಯಿಂದ ಮಗನಿಗೆ ಸಿಕ್ಕ ಆಟಿಕೆಗಳಲ್ಲಿ ಅರ್ಧ ನೈಟ್ ಡ್ಯೂಟಿಯ ಮಾರನೆಯ ದಿನ ಸಿಕ್ಕದ್ದು. ಅಳು ಶುರುವಾಗುವ ಮೊದಲೇ ಕೊಟ್ಟಿದ್ದರೆ ಅದು ಪ್ರೀತಿ. ಅತ್ತ ಮೇಲೆ ಕೊಟ್ಟದ್ದರಿಂದ ಅದು ಪಾಠವಾಯಿತು.

ಕೊನೆಗೆ ಒಬ್ಬ ಅಪ್ಪನ ವಿಷಯ. ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ, ಹೆಸರು ಬೇಡ. ಈ ಸಭೆಯಲ್ಲಿ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಇಲ್ಲಿ ಒಬ್ಬರೇ ಇರುವವರು ಅರ್ಧಕ್ಕಿಂತ ಹೆಚ್ಚಿದ್ದೀರಿ. ಇದು ನಿಮಗಾಗಿ.

ಅವರು ವಿಜಯಪುರದ ಕಡೆಯವರು, ಕಟ್ಟಡದ ಕೆಲಸದಲ್ಲಿ ಫೋರ್‌ಮನ್. ಮಗಳು ಹುಟ್ಟಿದ ಮೂರು ತಿಂಗಳಿಗೆ ಇಲ್ಲಿಗೆ ಬಂದವರು 22 ತಿಂಗಳಾದ ಮೇಲೆ ರಜೆಗೆ ಹೋದರು. ದಿನಾ ರಾತ್ರಿ ವಿಡಿಯೋ ಕಾಲ್ ಇತ್ತು, ಮಗಳು ಫೋನಿಗೆ ಮುತ್ತು ಕೊಡುತ್ತಿದ್ದಳು. ಎದುರಿಗೆ ಬಂದ ಅಪ್ಪನನ್ನು ನೋಡಿ ಬಾಗಿಲ ಹಿಂದೆ ಓಡಿದಳು. ಹಗಲು ಹೇಗೋ ನಡೆಯಿತು. ರಾತ್ರಿಯಾದರೆ ಮಾತ್ರ ಮನೆ ಹಾರಿಹೋಗುವಂತೆ ಚೀರಾಟ, ಅಪ್ಪನನ್ನು ಒದೆಯುವುದು, ಪರಚುವುದು. ‘ಫೋನಿನ್ಯಾಗ ಮುದ್ದು ಕೊಡ್ತಿದ್ಲ್ರೀ ಸಿಸ್ಟರ್, ಮಗ್ಗಲಿಗಿ ಹೋದ್ರ ಹುಲಿ ಕಂಡಂಗ ಮಾಡ್ತಾಳ್ರಿ’ ಎಂದು ಅಲ್ಲಿಂದ ನನಗೆ ವಾಯ್ಸ್ ಮೆಸೇಜ್ ಕಳಿಸಿದ್ದರು. ಮೂರನೇ ರಾತ್ರಿ ಕೈ ಎತ್ತಿದರಂತೆ. ತಾಯಿ ಅಡ್ಡ ಬಂದರಂತೆ. ‘ಇಪ್ಪತ್ತೆರಡ ತಿಂಗಳ ಬಿಸಲಾಗ ದುಡದದ್ದು ಯಾರ ಸಂಬಂಧ?’ ಎಂದು ಕೇಳಿದರು.

ನಾನು ಒಂದೇ ಪ್ರಶ್ನೆ ಕೇಳಿದೆ: ‘ನೀವು ಬರುವ ಮೊದಲು ಮಗಳು ಎಲ್ಲಿ ಮಲಗುತ್ತಿದ್ದಳು?’ ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. ಅವ್ವನ ಎಡಗಡೆ, ಗೋಡೆಯ ಪಕ್ಕ. ಈಗ ಆ ಜಾಗದಲ್ಲಿ ಮಲಗುತ್ತಿದ್ದವರು ಅವರು. ಮಗಳನ್ನು ಅಜ್ಜಿಯ ಹತ್ತಿರ ಮಲಗಿಸಿದ್ದರು.

ಆ ಮಗುವಿಗೆ ಗೊತ್ತಿದ್ದ ಅಪ್ಪ ಅಂಗೈಯಷ್ಟು ದೊಡ್ಡವನು. ಅವನಿಗೆ ವಾಸನೆ ಇರಲಿಲ್ಲ, ಭಾರ ಇರಲಿಲ್ಲ, ಹೆಜ್ಜೆಯ ಸದ್ದು ಇರಲಿಲ್ಲ, ಗುಂಡಿ ಒತ್ತಿದರೆ ಹೋಗುತ್ತಿದ್ದ. ಈಗ ಬಂದವನು ಬಾಗಿಲ ತುಂಬ ಇದ್ದಾನೆ, ಹೋಗುವುದಿಲ್ಲ, ಮೊದಲ ರಾತ್ರಿಯೇ ಅವ್ವನ ಪಕ್ಕದ ಜಾಗ ಕಿತ್ತುಕೊಂಡಿದ್ದಾನೆ. ದೊಡ್ಡವರ ನಡುವೆ ಹೀಗಾದರೆ ಪಂಚಾಯಿತಿ ಸೇರುತ್ತದೆ.

ಆ ರಾತ್ರಿ ಅವರು ತಮ್ಮ ಹಾಸಿಗೆಯನ್ನು ನೆಲಕ್ಕೆ ಹಾಸಿಕೊಂಡರು, ಮಗಳು ಗೋಡೆಯ ಪಕ್ಕಕ್ಕೆ ಮರಳಿದಳು. ಎತ್ತಿಕೊಳ್ಳಲು ಹೋಗಬೇಡಿ, ಅವಳು ಆಡುವ ಕಡೆ ಸುಮ್ಮನೆ ಕೂತಿರಿ ಎಂದಿದ್ದೆ. ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ಅವಳು ದೂರದಿಂದ ಚೆಂಡು ಉರುಳಿಸಿದಳು. ಒಂಬತ್ತನೇ ದಿನ ತಾನು ಕಚ್ಚಿದ ರೊಟ್ಟಿಯ ತುಂಡು ತಂದು ಬಾಯಿಗಿಟ್ಟಳು. ರೊಟ್ಟಿಯ ಫೋಟೋ ನನಗೂ ಬಂದಿದೆ, ಇವತ್ತಿಗೂ ಫೋನಿನಲ್ಲಿದೆ. ಮೂವತ್ತು ದಿನದ ರಜೆಯಲ್ಲಿ ಆ ಹೊತ್ತಿಗೆ ಹೆಚ್ಚೂಕಡಿಮೆ ಅರ್ಧ ಮುಗಿದಿತ್ತು. ಅವರು ವಿಮಾನ ಹತ್ತಿದ ಮೇಲೆ ಎರಡು ವಾರ ಮಗಳು ಮತ್ತೆ ರಚ್ಚೆ ಹಿಡಿದಳು, ಈ ಸಲ ಅಪ್ಪ ಮಲಗುತ್ತಿದ್ದ ನೆಲದ ಜಾಗದಲ್ಲಿ ಬಿದ್ದು. ಅದಕ್ಕೆ ಏನು ಮಾಡಬೇಕೆಂದು ಅವರು ಕೇಳಿದರು. ನಾನು ಹೇಳಿದ್ದು ಇಷ್ಟೇ: ಅದನ್ನು ನಿಲ್ಲಿಸಲು ಹೋಗಬೇಡಿ ಎಂದು ಮನೆಯಲ್ಲಿ ಹೇಳಿ.

ಕೆಲವು ಸಂದರ್ಭದಲ್ಲಿ ಕಾಯಬಾರದು, ಅದನ್ನೂ ಹೇಳಿಬಿಡುತ್ತೇನೆ. ಅಳುವಾಗ ತಲೆ ಚಚ್ಚಿಕೊಂಡು ಗಾಯ ಮಾಡಿಕೊಳ್ಳುವ ಮಗು, ದಿನಕ್ಕೆ ಹಲವು ಸಲ ಅರ್ಧ ಗಂಟೆಗೂ ಮೀರಿ ಸಮಾಧಾನವಾಗದ ಮಗು, ಬಂದ ಮಾತು ನಿಂತುಹೋದ ಮಗು, ಹೆಸರು ಕರೆದರೆ ತಿರುಗದ ಮಗು, ಐದು ದಾಟಿದರೂ ರಂಪ ಕಡಿಮೆಯಾಗದ ಮಗು: ಇವರನ್ನು ಡಾಕ್ಟರಿಗೆ ತೋರಿಸಿ. ಮೈಕಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್ಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕರಲ್ಲಿ ಮೂರು ರಂಪಾಟಗಳು ಐದು ನಿಮಿಷದೊಳಗೆ ಮುಗಿದಿದ್ದವು. ಸಿಟ್ಟು ಬೇಗ ಏರಿ ಬೇಗ ಇಳಿಯುತ್ತದೆ, ದುಃಖ ಉದ್ದಕ್ಕೂ ಇರುತ್ತದೆ, ಕೊನೆಯಲ್ಲಿ ಉಳಿಯುವುದು ಅದೇ. ಆಗ ಮಗು ಬಂದು ಸೆರಗು ಹಿಡಿಯುತ್ತದೆ. ಎತ್ತಿಕೊಂಡರೆ ಸೋತಂತೆ ಎಂದು ಯಾರೋ ನಿಮಗೆ ಹೇಳಿರಬಹುದು. ಎತ್ತಿಕೊಳ್ಳಿ.

ಸಮಯ ಒಂದೂ ಕಾಲಾಯಿತು. ಕಾರ್ಯಕ್ರಮ ತಡವಾಗಿ ಶುರುವಾದದ್ದರಿಂದ ಊಟ ಒಂದು ಗಂಟೆ ಮುಂದೆ ಹೋಗಿದೆ. ಹಿಂದಿನ ಸಾಲಿನಲ್ಲಿ ಆಗಲೇ ಎರಡು ಮೂರು ಕಡೆ ಅಳು ಶುರುವಾಗಿದೆ. ಕಾರ್ಯದರ್ಶಿಗಳ ಮಗನೂ ಅದರಲ್ಲಿ ಒಬ್ಬ ಎಂದು ಕಾಣುತ್ತದೆ. ಮಕ್ಕಳಿಗೆ ಮೊದಲು ಬಡಿಸಿ. ನಿಮ್ಮ ಪ್ರಶ್ನೆಗಳಿಗೆ ನಾನು ಊಟದ ಪಂಕ್ತಿಯಲ್ಲಿ ಸಿಗುತ್ತೇನೆ.